ಆ ನಾಲ್ಕು ಲಕ್ಷ ಜನರನ್ನು ಯಾರೂ ಕೇಳಲಿಲ್ಲ

ಅಮೆರಿಕದ ಪೌರತ್ವಕ್ಕೆ ಆಗ ಅರ್ಜಿ ಹಾಕಿದ ಎಲ್ಲರಂತೆ ನಾನೂ ನೂರು ಪ್ರಶ್ನೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ. ಅಂತರ್ಯುದ್ಧಕ್ಕೆ ದಾರಿ ಮಾಡಿದ ಒಂದು ಸಮಸ್ಯೆಯನ್ನು ಹೇಳಿ ಎನ್ನುವುದು ಅದರಲ್ಲಿ 74ನೆಯ ಪ್ರಶ್ನೆಯಾಗಿತ್ತು. ಗುಲಾಮಗಿರಿ ಎಂದರೂ ಸರಿ, ಆರ್ಥಿಕ ಕಾರಣ ಎಂದರೂ ಸರಿ, ರಾಜ್ಯಗಳ ಹಕ್ಕು ಎಂದರೂ ಸರಿಯಿತ್ತು. ನನ್ನಂಥ ಎಷ್ಟೋ ಕನ್ನಡಿಗರು ಮೂರರಲ್ಲಿ ಒಂದನ್ನು ಹೇಳಿ ಪಾಸಾಗಿ, ಬಾವುಟ ಹಿಡಿದು ಫೋಟೊ ತೆಗೆಸಿಕೊಂಡಿದ್ದೇವೆ. ಮೂರು ಉತ್ತರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಆ ಪಟ್ಟಿ, ಈ ದೇಶದ ಬಹು ಹಳೆಯ ಸುಳ್ಳೊಂದಕ್ಕೆ ಸರ್ಕಾರದ ಮುದ್ರೆ ಒತ್ತಿತು ಎಂದು ನಾನು ನಂಬಿದ್ದೇನೆ.

ಆ ಸುಳ್ಳು ಇದು: 1860-61ರಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ಬಿಟ್ಟು ಹೋದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿ ಪಕ್ಕದ ವಿಷಯ. ಇದನ್ನು ಹಳ್ಳಿಗಾಡಿನ ನಾಲ್ಕು ಜನ ಮಾತ್ರ ನಂಬುತ್ತಾರೆ ಎಂದುಕೊಳ್ಳಬೇಡಿ. ಯುದ್ಧಕ್ಕೆ 150 ವರ್ಷ ತುಂಬಿದ 2011ರಲ್ಲಿ ಪ್ಯೂ ಸಂಸ್ಥೆ ಸಮೀಕ್ಷೆ ನಡೆಸಿದಾಗ ನೂರಕ್ಕೆ 48 ಮಂದಿ ರಾಜ್ಯಗಳ ಹಕ್ಕೇ ಮುಖ್ಯ ಕಾರಣ ಎಂದರು. ಗುಲಾಮಗಿರಿ ಎಂದವರು 38. ಸೌತ್ ಕ್ಯಾರೊಲಿನಾದ ರಾಜ್ಯಪಾಲೆಯಾಗಿದ್ದ, ಪಂಜಾಬಿನಿಂದ ವಲಸೆ ಬಂದ ದಂಪತಿಯ ಮಗಳು ನಿಕ್ಕಿ ಹೇಲಿಯವರನ್ನು 2023ರ ಡಿಸೆಂಬರಿನಲ್ಲಿ ಒಬ್ಬ ಮತದಾರ ಇದೇ ಪ್ರಶ್ನೆ ಕೇಳಿದ. ಅವರು ಸರ್ಕಾರದ ಪಾತ್ರ, ಜನರ ಸ್ವಾತಂತ್ರ್ಯ ಎಂದೆಲ್ಲ ಹೇಳಿದರು. ಗುಲಾಮಗಿರಿ ಎಂಬ ಪದ ಬರಲಿಲ್ಲ. ಮರುದಿನ, ಹೌದು, ಅದು ಗುಲಾಮಗಿರಿಯ ಬಗ್ಗೆಯೇ ಎಂದು ತಿದ್ದಿಕೊಂಡರು. 2015ರಲ್ಲಿ ಶಾಸನ ಭವನದ ಅಂಗಳದಿಂದ, ಬಿಟ್ಟು ಹೋದ ಆ ಬಂಡುಕೋರರ ಬಾವುಟವನ್ನು ಇಳಿಸಲು ಮುಂದಾದವರೂ ಅವರೇ. ಅಂಥವರ ನಾಲಗೆಗೂ ಮೊದಲು ಬಂದದ್ದು ಆ ಹಳೆಯ ಉತ್ತರ.

ವಾಷಿಂಗ್ಟನ್ನಿನ ಸುತ್ತ ಇರುವ ನಮ್ಮ ಜನರ ನಡುವೆ ಈ ಸುಳ್ಳು ಇನ್ನೊಂದು ರೂಪ ತಾಳಿದೆ. ಯುಗಾದಿಯೋ ರಾಜ್ಯೋತ್ಸವವೋ ಮುಗಿದು ಎಲೆ ಮುಂದೆ ಕೂತಾಗ ಊರಿನ ರಾಜಕೀಯ ಬರುತ್ತದೆ. ತೆರಿಗೆಯ ಪಾಲು, ನಾಡಧ್ವಜ, ಹಿಂದಿ ಹೇರಿಕೆ, ಯಾವುದೇ ಮಾತು ಎದ್ದರೂ ಹಿರಿಯರೊಬ್ಬರು ಹೇಳುತ್ತಾರೆ: "ನೋಡಿ ಸ್ವಾಮಿ, ರಾಜ್ಯಗಳ ಹಕ್ಕು ಅಂತ ಶುರು ಮಾಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಈ ದೇಶವೇ ತೋರಿಸಿಲ್ಲವೇ? ಆರು ಲಕ್ಷ ಜನ ಸತ್ತರು." ಸುತ್ತ ಕೂತವರು ತಲೆದೂಗುತ್ತಾರೆ. ಅಮೆರಿಕದ ದಕ್ಷಿಣದವರು ತಮ್ಮ ಅಜ್ಜಂದಿರ ಅಪರಾಧವನ್ನು ಮರೆಸಲು ಕಟ್ಟಿದ ಕಥೆಯನ್ನು ನಮ್ಮವರು ಕರ್ನಾಟಕದ ಬಾಯಿ ಮುಚ್ಚಿಸಲು ಬಳಸುತ್ತಿದ್ದಾರೆ. ಈ ವಾದ ಬುಡದಲ್ಲೇ ತಪ್ಪು. ಅದನ್ನು ಬುಡದಿಂದಲೇ ಕೀಳಬೇಕು.

ಬಿಟ್ಟು ಹೋದವರನ್ನೇ ಮೊದಲು ಕೇಳೋಣ. 1860ರ ಡಿಸೆಂಬರ್ 20ರಂದು ಚಾರ್ಲ್‌ಸ್ಟನ್ನಿನಲ್ಲಿ ಸೇರಿದ್ದ ಸಮಾವೇಶದಲ್ಲಿ 169 ಪ್ರತಿನಿಧಿಗಳು, ಒಂದೂ ವಿರುದ್ಧ ಮತವಿಲ್ಲದೆ, ಸೌತ್ ಕ್ಯಾರೊಲಿನಾ ಒಕ್ಕೂಟದಿಂದ ಹೊರಬಂದಿದೆ ಎಂದು ನಿರ್ಣಯ ಮಾಡಿದರು. ನಾಲ್ಕು ದಿನದ ನಂತರ, ಹೊರಬರಲು ಕಾರಣವೇನೆಂದು ಲೋಕಕ್ಕೆ ಹೇಳುವ ಘೋಷಣೆಯನ್ನೂ ಒಪ್ಪಿದರು. ಆ ದಾಖಲೆ ಇಂದಿಗೂ ಯಾರು ಬೇಕಾದರೂ ಓದಬಹುದಾದಂತೆ ಇದೆ. ಉತ್ತರದ ರಾಜ್ಯಗಳು ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸುತ್ತಿಲ್ಲ ಎಂಬುದು ಅದರ ದೊಡ್ಡ ದೂರು. ಆ ರಾಜ್ಯಗಳ ಹೆಸರನ್ನು ಒಂದೊಂದಾಗಿ ಪಟ್ಟಿ ಮಾಡಿದ್ದಾರೆ. ಗುಲಾಮನನ್ನು ಜೊತೆಯಲ್ಲಿಟ್ಟುಕೊಂಡು ಹಾದುಹೋಗುವುದಕ್ಕೂ ನ್ಯೂಯಾರ್ಕಿನ ನ್ಯಾಯಾಲಯಗಳು ಬಿಡುತ್ತಿಲ್ಲ ಎಂಬುದು ಮತ್ತೊಂದು. ಕೆಲವು ರಾಜ್ಯಗಳು ಕಪ್ಪು ಜನರಿಗೆ ಪೌರತ್ವ ಕೊಟ್ಟಿವೆ ಎಂಬುದು ಇನ್ನೊಂದು. ಗುಲಾಮಗಿರಿಯನ್ನು ದ್ವೇಷಿಸುವ ಮನುಷ್ಯ ಅಧ್ಯಕ್ಷನಾಗಿ ಆಯ್ಕೆಯಾದ ಎಂಬುದು ಕೊನೆಯ ಗಾಯ. ಮಿಸಿಸಿಪ್ಪಿಯ ಘೋಷಣೆಯಂತೂ ಸುತ್ತುಬಳಸಿನ ಮಾತೇ ಇಲ್ಲದೆ, ತನ್ನ ನಿಲುವು ಗುಲಾಮಗಿರಿಯ ಜೊತೆ ಬೆಸೆದುಕೊಂಡಿದೆ ಎಂದು ಆರಂಭದಲ್ಲೇ ಹೇಳುತ್ತದೆ. ಜಾರ್ಜಿಯಾದ ಘೋಷಣೆಯ ಮೊದಲ ಸಾಲುಗಳಲ್ಲೂ ಇದೇ ದೂರು.

ಸೌತ್ ಕ್ಯಾರೊಲಿನಾದ ದೂರನ್ನು ಮತ್ತೊಮ್ಮೆ ನೋಡಿ. ನ್ಯೂಯಾರ್ಕ್ ತನ್ನ ನೆಲದಲ್ಲಿ ಯಾವ ಕಾನೂನು ನಡೆಯಬೇಕೆಂದು ತಾನೇ ತೀರ್ಮಾನಿಸಿತ್ತು. ಅದೇ ತಾನೆ ರಾಜ್ಯದ ಹಕ್ಕು? ಸೌತ್ ಕ್ಯಾರೊಲಿನಾಕ್ಕೆ ಸಿಟ್ಟು ಬಂದದ್ದು ಆ ಹಕ್ಕಿನ ಮೇಲೆಯೇ. 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿಯುವ ಕಟು ಕಾನೂನನ್ನು ಪಾರ್ಲಿಮೆಂಟಿನಿಂದ ಮಾಡಿಸಿ, ಉತ್ತರದ ಊರೂರಿಗೂ ಕೇಂದ್ರದ ಅಧಿಕಾರಿಗಳನ್ನು ನುಗ್ಗಿಸಿದ್ದು ದಕ್ಷಿಣದ ನಾಯಕರು. ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿದಾಗ, 1859ರಲ್ಲಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ರಾಜ್ಯದ ಹಕ್ಕಿಗಾಗಿ ಎದೆ ಕೊಟ್ಟದ್ದು ಉತ್ತರದ ವಿಸ್ಕಾನ್ಸಿನ್. ಕೇಂದ್ರದ ಕೈ ಹಿಡಿದು ರಾಜ್ಯವನ್ನು ಮಣಿಸಿದ್ದು ಗುಲಾಮರ ಒಡೆಯರು. ಕೇಂದ್ರ ತಮ್ಮ ಮುಷ್ಟಿಯಲ್ಲಿ ಇದ್ದಷ್ಟು ದಿನ ಅವರಿಗೆ ಬಲವಾದ ಕೇಂದ್ರ ಬೇಕಿತ್ತು. ಲಿಂಕನ್ ಗೆದ್ದು ಮುಷ್ಟಿ ಸಡಿಲವಾದ ದಿನ ರಾಜ್ಯದ ಹಕ್ಕು ನೆನಪಾಯಿತು.

ಬಿಟ್ಟು ಹೋಗಿ ಅವರು ಕಟ್ಟಿಕೊಂಡ ಹೊಸ ದೇಶವನ್ನೂ ನೋಡೋಣ. 1861ರ ಮಾರ್ಚಿನಲ್ಲಿ ಅವರು ಒಪ್ಪಿದ ಸಂವಿಧಾನದಲ್ಲಿ, ಕರಿಯ ಗುಲಾಮರನ್ನು ಆಸ್ತಿಯಾಗಿ ಇಟ್ಟುಕೊಳ್ಳುವ ಹಕ್ಕಿಗೆ ಧಕ್ಕೆ ತರುವ ಕಾನೂನನ್ನು ಶಾಸನಸಭೆ ಮಾಡಲೇಕೂಡದು ಎಂಬ ವಿಧಿಯಿದೆ. ರಾಜ್ಯಗಳು ಒಕ್ಕೂಟವನ್ನು ಬಿಟ್ಟು ಹೋಗಬಹುದು ಎಂಬ ವಿಧಿ ಮಾತ್ರ ಇಲ್ಲ. ಯಾವ ಹಕ್ಕಿಗಾಗಿ ಹೊರಬಂದರೆಂದು ಅವರ ಮೊಮ್ಮಕ್ಕಳು ಹೇಳುತ್ತಾರೋ ಆ ಹಕ್ಕನ್ನು ತಮ್ಮದೇ ಸಂವಿಧಾನದಲ್ಲಿ ಬರೆಯಲು ಅವರಿಗೆ ಮನಸ್ಸು ಬರಲಿಲ್ಲ.

1862ರ ಏಪ್ರಿಲ್ 16ರಂದು ಆ ಹೊಸ ದೇಶದ ರಾಜಧಾನಿ ರಿಚ್ಮಂಡಿನಲ್ಲಿ ಅದರ ಅಧ್ಯಕ್ಷ ಜೆಫರ್ಸನ್ ಡೇವಿಸ್ ಕಡ್ಡಾಯ ಸೈನ್ಯ ಸೇವೆಯ ಕಾನೂನಿಗೆ ಸಹಿ ಹಾಕಿದ. ಅಮೆರಿಕದ ನೆಲದಲ್ಲಿ ಒಂದು ಕೇಂದ್ರ ಸರ್ಕಾರ ರಾಜ್ಯಗಳನ್ನು ದಾಟಿ ಜನರನ್ನು ಸೈನ್ಯಕ್ಕೆ ಎಳೆದದ್ದು ಅದೇ ಮೊದಲು. ಇದು ರಾಜ್ಯಗಳ ಹಕ್ಕಿಗೆ ಹಾಕಿದ ಕೊಡಲಿ ಎಂದು ಜಾರ್ಜಿಯಾದ ರಾಜ್ಯಪಾಲ ಜೋಸೆಫ್ ಬ್ರೌನ್ ಕೂಗಿ ಹೇಳಿದರೂ ಡೇವಿಸ್ ಕೇಳಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಇಪ್ಪತ್ತು ಗುಲಾಮರಿರುವ ತೋಟದಲ್ಲಿ ಒಬ್ಬ ಬಿಳಿಯನಿಗೆ ಸೈನ್ಯದಿಂದ ವಿನಾಯಿತಿ ಕೊಟ್ಟರು. ಡೇವಿಸ್ ಸಹಿ ಹಾಕಿದ ಅದೇ ಏಪ್ರಿಲ್ 16ರಂದು ಇತ್ತ ವಾಷಿಂಗ್ಟನ್ನಿನಲ್ಲಿ ಲಿಂಕನ್ ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ಆ ಸಹಿಯಿಂದ ಈ ನಗರದ ಮೂರು ಸಾವಿರಕ್ಕೂ ಹೆಚ್ಚು ಗುಲಾಮರಿಗೆ ಬಿಡುಗಡೆಯಾಯಿತು. ನಾವು ಇಲ್ಲಿ ಆ ದಿನವನ್ನು ರಜೆಯಾಗಿ ಆಚರಿಸುತ್ತೇವೆ. ಎರಡು ರಾಜಧಾನಿಗಳು, ಒಂದೇ ದಿನ, ಎರಡು ಸಹಿ. ಯುದ್ಧ ಯಾತಕ್ಕೆಂದು ತಿಳಿಯಲು ಇದಕ್ಕಿಂತ ಚಿಕ್ಕ ಪಾಠ ಬೇಕಿಲ್ಲ.

ಎದುರುವಾದಿಗಳು ಮೂರು ಮಾತು ಎತ್ತುತ್ತಾರೆ. ಸುಂಕದ ಜಗಳವಿತ್ತು ಎನ್ನುವುದು ಮೊದಲನೆಯದು. ಇತ್ತು, ಆದರೆ ಅದು 1832ರಲ್ಲಿ. ಆಗ ಸೌತ್ ಕ್ಯಾರೊಲಿನಾ ಕೇಂದ್ರದ ಸುಂಕವನ್ನು ಒಪ್ಪುವುದಿಲ್ಲ ಎಂದು ಹಟ ಹಿಡಿದಿತ್ತು. 1857ರಲ್ಲಿ ಸುಂಕ ಬಹಳ ಇಳಿದಿತ್ತು. ಅದನ್ನು ಏರಿಸಿದ ಕಾನೂನಿಗೆ ಸಹಿ ಬಿದ್ದದ್ದು 1861ರ ಮಾರ್ಚ್ 2ರಂದು, ಏಳು ರಾಜ್ಯಗಳು ಹೊರಟು ಹೋದ ಮೇಲೆ. ಹೋದವರ ಕುರ್ಚಿಗಳು ಖಾಲಿಯಾದದ್ದರಿಂದಲೇ ಸೆನೆಟ್ಟಿನಲ್ಲಿ ಅದಕ್ಕೆ ದಾರಿಯಾಯಿತು.

ಲಿಂಕನ್ನರೇ ಒಕ್ಕೂಟ ಉಳಿಸುವುದು ತನ್ನ ಗುರಿ ಎಂದಿದ್ದರಲ್ಲ ಎನ್ನುವುದು ಎರಡನೆಯದು. ಹೌದು, 1862ರಲ್ಲಿ ಹಾಗೆ ಬರೆದಿದ್ದರು. ಮನೆಗೆ ಬೆಂಕಿ ಬಿದ್ದಾಗ ಆರಿಸಲು ಬಂದವನ ಮನಸ್ಸಿನಲ್ಲಿ ಏನಿತ್ತು ಎನ್ನುವುದು ಒಂದು ಪ್ರಶ್ನೆ; ಬೆಂಕಿ ಹಚ್ಚಿದವನು ಏಕೆ ಹಚ್ಚಿದ ಎನ್ನುವುದು ಬೇರೆ ಪ್ರಶ್ನೆ. ಉತ್ತರದವರಲ್ಲಿ ಅನೇಕರು ಗುಲಾಮಗಿರಿ ಅಳಿಸಲೆಂದು ಹೊರಟವರಲ್ಲ ಎಂಬುದು ನಿಜ. ಅಷ್ಟಕ್ಕೆ ದಕ್ಷಿಣದವರು ಗುಲಾಮಗಿರಿ ಉಳಿಸಲೆಂದು ಹೊರಟದ್ದು ಸುಳ್ಳಾಗುವುದಿಲ್ಲ.

ಗುಲಾಮರಿಲ್ಲದ ಬಡ ಬಿಳಿಯರೂ ಹೋರಾಡಿದರಲ್ಲ ಎನ್ನುವುದು ಮೂರನೆಯದು. ಸೌತ್ ಕ್ಯಾರೊಲಿನಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬಿಳಿಯ ಕುಟುಂಬಗಳ ಬಳಿ ಗುಲಾಮರಿದ್ದರು. ಉಳಿದವರ ಪಾಲಿಗೂ, ಎಷ್ಟೇ ಬಡವರಾದರೂ ತಮ್ಮ ಕೆಳಗೆ ಒಬ್ಬನಿದ್ದಾನೆ ಎಂಬ ಸಮಾಧಾನದ ಮೇಲೆ ಆ ಸಮಾಜ ನಿಂತಿತ್ತು. ಜಾತಿಯ ಮೆಟ್ಟಿಲುಗಳನ್ನು ಕಂಡ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಸ್ಪಷ್ಟವಿದ್ದ ವಿಷಯ ಹೇಗೆ ಮಸುಕಾಯಿತು? ಅದನ್ನು ಮಸುಕು ಮಾಡಲಾಯಿತು. ಬಂಡುಕೋರ ಸರ್ಕಾರದ ಉಪಾಧ್ಯಕ್ಷ, ಜಾರ್ಜಿಯಾದ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಭಾಷಣ ಮಾಡಿ, ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದಿದ್ದ. ಸೋತ ಮೇಲೆ, 1868 ಮತ್ತು 1870ರಲ್ಲಿ ಅದೇ ಸ್ಟೀಫನ್ಸ್ ಎರಡು ದಪ್ಪ ಸಂಪುಟ ಬರೆದು, ಜಗಳವೆಲ್ಲ ಸಂವಿಧಾನದ ವ್ಯಾಖ್ಯಾನದ್ದು ಎಂದು ವಾದಿಸಿದ. ಗೆಲ್ಲುವ ನಂಬಿಕೆಯಿದ್ದಾಗ ಆಡಿದ ಮಾತು ನಿಜವೋ, ಸೋತು ಕೂತು ಬರೆದದ್ದು ನಿಜವೋ? 1894ರಲ್ಲಿ ಬಂಡುಕೋರ ಸೈನಿಕರ ಹೆಣ್ಣುಮಕ್ಕಳ ಸಂಘ ಹುಟ್ಟಿತು. ಅದರ ಇತಿಹಾಸದ ಹೊಣೆ ಹೊತ್ತಿದ್ದ ಜಾರ್ಜಿಯಾದ ಮಿಲ್‌ಡ್ರೆಡ್ ರುದರ್‌ಫೋರ್ಡ್ ಪಠ್ಯಪುಸ್ತಕಗಳನ್ನು ಅಳೆಯಲು ಒಂದು ಕೈಪಿಡಿಯನ್ನೇ ಬರೆದರು. ದಕ್ಷಿಣ ಗುಲಾಮರಿಗಾಗಿ ಹೋರಾಡಿತು ಎನ್ನುವ ಪುಸ್ತಕವನ್ನು ಶಾಲೆಗೆ ಸೇರಿಸಬೇಡಿ, ಗ್ರಂಥಾಲಯದಲ್ಲಿದ್ದರೆ ದಕ್ಷಿಣಕ್ಕೆ ಅನ್ಯಾಯ ಮಾಡಿದ ಪುಸ್ತಕ ಎಂದು ಗುರುತು ಹಾಕಿ ಎಂಬುದು ಅದರ ಆದೇಶ. ಮೂರು ತಲೆಮಾರಿನ ಮಕ್ಕಳು ಆ ಅಳತೆಗೋಲಿನಿಂದ ಅಳೆದ ಪುಸ್ತಕಗಳನ್ನು ಓದಿ ಬೆಳೆದರು.

ಅಟ್ಲಾಂಟಾದ ನಮ್ಮವರು ರಜೆಯ ದಿನ ಮಕ್ಕಳನ್ನು ಕರೆದುಕೊಂಡು, ಬುತ್ತಿ ಕಟ್ಟಿಕೊಂಡು ಸ್ಟೋನ್ ಮೌಂಟನ್ನಿಗೆ ಹೋಗುತ್ತಾರೆ. ಅಲ್ಲಿಯ ಬಂಡೆಯಲ್ಲಿ ಕುದುರೆ ಏರಿರುವ ಮೂವರು ಡೇವಿಸ್ ಮತ್ತು ಅವನ ಸೇನಾಪತಿಗಳಾದ ಲೀ, ಜಾಕ್ಸನ್. ಅದು ಯುದ್ಧದ ಕಾಲದ ಸ್ಮಾರಕ ಎಂದು ಬಹಳ ಜನ ತಿಳಿದಿದ್ದಾರೆ, ಅಲ್ಲ. 1915ರಲ್ಲಿ ಬಿಳಿಯ ಜನಾಂಗವಾದಿಗಳ ಕು ಕ್ಲಕ್ಸ್ ಕ್ಲಾನ್ ಮತ್ತೆ ಹುಟ್ಟಿದ್ದು ಆ ಬೆಟ್ಟದ ಮೇಲೆ. 1923ರಲ್ಲಿ ಆರಂಭವಾಗಿ ನಿಂತುಹೋಗಿದ್ದ ಕೆತ್ತನೆಯನ್ನು ಮುಗಿಸಲೆಂದು ಜಾರ್ಜಿಯಾ ಸರ್ಕಾರ 1958ರಲ್ಲಿ ಬೆಟ್ಟವನ್ನು ಕೊಂಡಿತು. ಕೆಲಸ ಮುಗಿದದ್ದು 1972ರಲ್ಲಿ. 1958ರಲ್ಲೇ ಏಕೆ? ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತ್ತು. 1956ರಲ್ಲಿ ಜಾರ್ಜಿಯಾ ಬಂಡುಕೋರರ ಗುರುತನ್ನು ತನ್ನ ಬಾವುಟಕ್ಕೆ ಸೇರಿಸಿತು. ನಮ್ಮ ವಾಷಿಂಗ್ಟನ್ನಿನ ಪಕ್ಕದ ಸ್ಪ್ರಿಂಗ್‌ಫೀಲ್ಡಿನಲ್ಲಿ 1958ರಲ್ಲಿ ತೆರೆದ ಪ್ರೌಢಶಾಲೆಗೆ ಜನರಲ್ ಲೀ ಹೆಸರಿಟ್ಟರು. ಆಗಲೂ ಆ ತೀರ್ಪನ್ನು ವಿರೋಧಿಸಿದವರ ಬಾಯಲ್ಲಿದ್ದ ಮಾತು ರಾಜ್ಯಗಳ ಹಕ್ಕು. ಆ ಶಾಲೆಗೆ 2020ರಲ್ಲಿ ಅಟ್ಲಾಂಟಾದ ಜನಪ್ರತಿನಿಧಿ ಜಾನ್ ಲೂಯಿಸರ ಹೆಸರು ಬಂದಿದೆ.

ಇಷ್ಟೆಲ್ಲದರ ನಡುವೆ ಒಂದು ಅಂಕಿ ನನ್ನನ್ನು ಬಿಟ್ಟಿಲ್ಲ. 1860ರ ಜನಗಣತಿಯಲ್ಲಿ ಸೌತ್ ಕ್ಯಾರೊಲಿನಾದ ಜನಸಂಖ್ಯೆ 7,03,708. ಅದರಲ್ಲಿ ಗುಲಾಮರು 4,02,406. ನೂರಕ್ಕೆ 57 ಮಂದಿ. ಚಾರ್ಲ್‌ಸ್ಟನ್ನಿನ ಆ ಸಭೆ ಸೌತ್ ಕ್ಯಾರೊಲಿನಾದ ಜನರಾದ ನಾವು ಎಂದು ಹೇಳಿಕೊಂಡಿತು. ಆ ನಾಡಿನ ಬಹುಸಂಖ್ಯಾತರು ಆ "ನಾವು" ಎಂಬುದರಲ್ಲಿ ಇರಲೇ ಇಲ್ಲ. ಅವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರು ಎಂದು ಊಹಿಸಬೇಕಾಗಿಲ್ಲ. 1862ರ ಮೇ 13ರ ನಸುಕಿನಲ್ಲಿ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ, ಬಂಡುಕೋರರ ಪ್ಲಾಂಟರ್ ಎಂಬ ಹಡಗಿನಲ್ಲಿ ತನ್ನ ಹೆಂಡತಿ ಮಕ್ಕಳನ್ನೂ ಸಂಗಾತಿಗಳನ್ನೂ ಹತ್ತಿಸಿಕೊಂಡು, ಅದೇ ಚಾರ್ಲ್‌ಸ್ಟನ್ ಬಂದರಿನ ಕೋಟೆಗಳ ಕಣ್ತಪ್ಪಿಸಿ, ಒಕ್ಕೂಟದ ನೌಕಾಪಡೆಗೆ ಹಡಗನ್ನೇ ಒಪ್ಪಿಸಿದ. ಅದು ಅವನ ಮತ. 1868ರಲ್ಲಿ ಅದೇ ಊರಿನಲ್ಲಿ ಕಪ್ಪು ಪ್ರತಿನಿಧಿಗಳೇ ಹೆಚ್ಚಿದ್ದ ಸಭೆ ರಾಜ್ಯಕ್ಕೆ ಹೊಸ ಸಂವಿಧಾನ ಬರೆದು, ಸಾರ್ವಜನಿಕ ಶಿಕ್ಷಣವನ್ನು ಸರ್ಕಾರದ ಹೊಣೆಯಾಗಿಸಿತು. ಆ ಸಭೆಯಲ್ಲಿ ಸ್ಮಾಲ್ಸ್ ಕೂಡ ಇದ್ದ. ಮುಂದೆ ಆ ರಾಜ್ಯದಿಂದಲೇ ಪಾರ್ಲಿಮೆಂಟಿಗೆ ಹೋದ. ಸೌತ್ ಕ್ಯಾರೊಲಿನಾದ ಜನ ಎಂದರೆ ಅವನೂ ತಾನೆ?

ಪ್ರತ್ಯೇಕವಾಗುತ್ತೇವೆ ಎನ್ನುವ ಕೂಗನ್ನಾಗಲಿ, ಸ್ವಾಯತ್ತತೆ ಬೇಕು ಎನ್ನುವ ಕೂಗನ್ನಾಗಲಿ ತೂಗಲು ನನಗೆ ತೋಚುವ ತಕ್ಕಡಿ ಇದೊಂದೇ: "ನಾವು" ಎನ್ನುವವರು ಯಾರು, ಅವರು ಕೇಳುವ ಹಕ್ಕಿನ ಭಾರ ಯಾರ ಮೇಲೆ ಬೀಳುತ್ತದೆ? ಸ್ಕಾಟ್ಲೆಂಡ್ 2014ರಲ್ಲಿ ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು ಅಲ್ಲಿ ವಾಸವಿದ್ದ, 16 ವರ್ಷ ತುಂಬಿದ ಮತದಾರರನ್ನೆಲ್ಲ ಕೇಳಿತು. ನೂರಕ್ಕೆ 55 ಮಂದಿ ಬೇಡ ಎಂದರು. ಮರುದಿನ ಎಲ್ಲರೂ ಕೆಲಸಕ್ಕೆ ಹೋದರು, ಗುಂಡು ಹಾರಲಿಲ್ಲ. ಸ್ವತಂತ್ರ ದೇಶವನ್ನೇ ಕೇಳಿದ ಕೂಗು ಹೀಗೆ ಮತಪೆಟ್ಟಿಗೆಯಲ್ಲಿ ಮುಗಿಯಬಹುದಾದರೆ, ತೆರಿಗೆಯ ಪಾಲು ಕೇಳಿದ ಕೂಗು ಹೇಗೆ ಅಂತರ್ಯುದ್ಧವಾಗುತ್ತದೆ? ನಾವಿರುವ ವಾಷಿಂಗ್ಟನ್ ನಗರವನ್ನೇ ನೋಡಿ. 6.8 ಲಕ್ಷಕ್ಕೂ ಹೆಚ್ಚು ಜನ ಕೇಂದ್ರಕ್ಕೆ ತೆರಿಗೆ ಕಟ್ಟುತ್ತಾರೆ. ಪಾರ್ಲಿಮೆಂಟಿನಲ್ಲಿ ಮತ ಹಾಕುವ ಒಬ್ಬ ಪ್ರತಿನಿಧಿಯೂ ಅವರಿಗಿಲ್ಲ. ರಾಜ್ಯದ ಸ್ಥಾನ ಕೊಡಿ ಎಂದು 2016ರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಕೆಳಮನೆ 2020ರಲ್ಲೂ 2021ರಲ್ಲೂ ಒಪ್ಪಿತು, ಸೆನೆಟ್ ಒಪ್ಪಲಿಲ್ಲ. ಇವರು ಕೇಳುತ್ತಿರುವುದೂ ರಾಜ್ಯದ ಹಕ್ಕೇ. ಒಕ್ಕೂಟದ ಒಳಗೆ ಸಮನಾಗಿ ಕೂರಲು ಕೇಳುತ್ತಿದ್ದಾರೆ. ಇವರನ್ನು ಚಾರ್ಲ್‌ಸ್ಟನ್ನಿನ ಒಡೆಯರ ಸಾಲಿನಲ್ಲಿ ನಿಲ್ಲಿಸುವ ಧೈರ್ಯ ಯಾರಿಗಿದೆ?

ಇನ್ನು ನಮ್ಮ ಊರಿನ ಮಾತು. ಅಮೆರಿಕದ ಪಾಠವನ್ನು ಭಾರತ ಕಲಿಯಬೇಕು ಎನ್ನುವವರಿಗೆ ಒಂದು ನೆನಪು: ಅಂಬೇಡ್ಕರ್ ಅದನ್ನು 1948ರಲ್ಲೇ ಓದಿ ಮುಗಿಸಿದ್ದರು. ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ರಾಜ್ಯಗಳಿಗೆ ಬಿಟ್ಟು ಹೋಗುವ ಹಕ್ಕಿಲ್ಲ ಎಂದು ಸ್ಥಾಪಿಸಲು ಅಮೆರಿಕನ್ನರು ಒಂದು ಅಂತರ್ಯುದ್ಧವನ್ನೇ ಮಾಡಬೇಕಾಯಿತು, ಅದಕ್ಕೇ ನಾವು ಮೊದಲೇ ಸ್ಪಷ್ಟಪಡಿಸುತ್ತಿದ್ದೇವೆ ಎಂದು ಅವರು ವಿವರಿಸಿದರು. ಬಿಟ್ಟು ಹೋಗುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಅದೇ ಸಂವಿಧಾನ ರಾಜ್ಯಗಳಿಗೆ ಅವುಗಳದ್ದೇ ಅಧಿಕಾರದ ಪಟ್ಟಿಯನ್ನೂ ಕೊಟ್ಟಿತು. ಆ ಪಟ್ಟಿಯಲ್ಲಿರುವುದನ್ನು ಕೇಳುವುದು ಸಂವಿಧಾನವನ್ನು ಓದುವುದೇ ಹೊರತು ಒಡೆಯುವುದಲ್ಲ.

ಜಾರ್ಜಿಯಾ ಬಂಡುಕೋರರ ಗುರುತನ್ನು ಬಾವುಟಕ್ಕೆ ಹೊಲಿದುಕೊಂಡ 1956ರಲ್ಲೇ, ನವೆಂಬರ್ 1ರಂದು, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದು ರಾಜ್ಯವಾದರು. ಜಾರ್ಜಿಯಾದಲ್ಲಿ ರಾಜ್ಯದ ಹಕ್ಕು ಮಕ್ಕಳನ್ನು ಶಾಲೆಯಿಂದ ಹೊರಗಿಡಲು ಬೇಕಾಯಿತು. ನಮ್ಮ ನಾಡಿನಲ್ಲಿ ಮಕ್ಕಳು ತಾಯಿನುಡಿಯಲ್ಲಿ ಶಾಲೆ ಕಲಿಯಲು ಬೇಕಾಯಿತು. ಭಾಷಾವಾರು ರಾಜ್ಯ ಮಾಡಿದರೆ ದೇಶ ಚೂರಾಗುತ್ತದೆ ಎಂದು ಆಗಲೂ ಹೆದರಿಸಿದವರಿದ್ದರು. ದೇಶ ಚೂರಾಗಲಿಲ್ಲ. 1989ರಲ್ಲಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆ ಕೇಂದ್ರ ಅವರ ಸರ್ಕಾರವನ್ನು ವಜಾ ಮಾಡಿದಾಗ ಕರ್ನಾಟಕ ಬಂದೂಕು ಹಿಡಿಯಲಿಲ್ಲ. ಬೊಮ್ಮಾಯಿ ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಇಂದು ಭಾರತದ ಎಲ್ಲ ರಾಜ್ಯಗಳ ಬೇಲಿಯಾಗಿದೆ. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ, ಹದಿನಾಲ್ಕನೆಯ ಹಣಕಾಸು ಆಯೋಗದ ಪ್ರಕಾರ ನೂರಕ್ಕೆ 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ 3.647ಕ್ಕೆ ಇಳಿಯಿತು. ಅದನ್ನು ಪ್ರಶ್ನಿಸಿ 2024ರ ಫೆಬ್ರವರಿ 7ರಂದು ಒಂದು ಚುನಾಯಿತ ಸರ್ಕಾರ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತಿತು. ಅವರ ಲೆಕ್ಕ ತಪ್ಪೆನಿಸಿದರೆ ಲೆಕ್ಕದಿಂದಲೇ ಉತ್ತರಿಸಿ. ಒಕ್ಕೂಟದ ರಾಜಧಾನಿಗೆ ಬಂದು ನ್ಯಾಯ ಕೇಳಿದವನು ಒಕ್ಕೂಟವನ್ನು ನಂಬಿದವನು. ಅವನನ್ನು ಒಡಕು ತರುವವನು ಎಂದು ಕರೆಯುವುದು ವಾದವಲ್ಲ, ಬೈಗುಳ.

ಅದೇ ತಕ್ಕಡಿಯಲ್ಲಿ ನಾವೂ ಕೂರಬೇಕು. ಕನ್ನಡಿಗರಾದ ನಾವು ಎನ್ನುವಾಗ ತುಳುವರು, ಕೊಡವರು, ಕೊಂಕಣಿಗರು, ಉರ್ದು ಮಾತಾಡುವವರು ಆ "ನಾವು" ಎಂಬುದರ ಒಳಗೆ ಇದ್ದಾರೆಯೇ? ಕೇರಳದ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಮೇಷ್ಟ್ರು ಬೇಕು ಎಂದು ಕೇಳುವ ನಾವು, ನಮ್ಮ ಗಡಿಯೊಳಗಿನ ಸಣ್ಣ ನುಡಿಗಳಿಗೆ ಅದೇ ನ್ಯಾಯ ಕೊಡದಿದ್ದರೆ ನಮ್ಮ ಬೇಡಿಕೆಯ ಬೆನ್ನುಮೂಳೆಯೇ ಮುರಿಯುತ್ತದೆ. ಹಕ್ಕು ಕೇಳುವವನ ಮೊದಲ ಕರ್ತವ್ಯ ತನ್ನ ಕೆಳಗೆ ಯಾರನ್ನೂ ತುಳಿದು ನಿಂತಿಲ್ಲವೆಂದು ನೋಡಿಕೊಳ್ಳುವುದು. ಚಾರ್ಲ್‌ಸ್ಟನ್ ಕಲಿಸುವ ಪಾಠ ಇದು.

ವಾಷಿಂಗ್ಟನ್, ಅಟ್ಲಾಂಟಾ, ಶಾರ್ಲಟ್, ರಾಲಿಯಲ್ಲಿರುವ ನನ್ನ ಬಂಧುಗಳೇ, ಮುಂದಿನ ಬಾರಿ ಮಕ್ಕಳೊಂದಿಗೆ ಸ್ಟೋನ್ ಮೌಂಟನ್ನಿಗೋ ಚಾರ್ಲ್‌ಸ್ಟನ್ನಿಗೋ ಹೋದಾಗ ಆ 1860ರ ಘೋಷಣೆಯನ್ನು ಅವರ ಕೈಗೆ ಕೊಡಿ. ಓದಲು ಅರ್ಧ ಗಂಟೆ ಸಾಕು. ಅಂತರ್ಯುದ್ಧ ಏಕಾಯಿತು ಎಂದು ಶಾಲೆಯಲ್ಲೋ ಪೌರತ್ವದ ಸಂದರ್ಶನದಲ್ಲೋ ಕೇಳಿದರೆ ಗುಲಾಮಗಿರಿ ಎಂದು ಹೇಳಿ, ಹೇಳಿಸಿ. ಊರಿನ ಮಾತು ಬಂದಾಗ, ತನ್ನ ಪಾಲು ಕೇಳುವ ಕರ್ನಾಟಕವನ್ನು ಆ ಗುಲಾಮರ ಒಡೆಯರಿಗೆ ಇನ್ನು ಹೋಲಿಸಬೇಡಿ. ಆ ಹೋಲಿಕೆ ಕರ್ನಾಟಕಕ್ಕೆ ಮಾಡುವ ಅನ್ಯಾಯ. ಅದಕ್ಕಿಂತ ಮೊದಲು, ಯಾರೂ ಕೇಳದೆ ಬಿಟ್ಟ ಆ 4,02,406 ಜನರಿಗೆ ಮಾಡುವ ಅನ್ಯಾಯ.